ಕಾಲೇಜು ಮೊದಲು, ಕ್ರೆಡಿಟ್ ಆಮೇಲೆ: ಅಮೆರಿಕದಲ್ಲಿ ಕಡಿಮೆ ಖರ್ಚಿನಲ್ಲಿ ಬೇಗನೆ ಬಿಸಿನೆಸ್ ಪದವಿ ಪಡೆಯುವ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲೂ ಎಚ್-4 ವೀಸಾದ (ಎಚ್ ವರ್ಗದ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಮೇಲೆ ಬಂದು ಓದನ್ನು ಮುಂದುವರಿಸಬೇಕೆನ್ನುವವರಲ್ಲಿ, ಒಂದೇ ಬಗೆಯ ಎಡವಟ್ಟನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಕಾಲೇಜಿನ ಹೊರಗೆ ಅಗ್ಗದ ಆನ್‌ಲೈನ್ ಕೋರ್ಸ್ ಮತ್ತು ಪರೀಕ್ಷೆಗಳಿಂದ ಕ್ರೆಡಿಟ್ (ಪದವಿಯ ಓದನ್ನು ಅಳೆಯುವ ಮಾನ) ಗಳಿಸಿ, ಅವನ್ನು ಕಾಲೇಜಿಗೆ ವರ್ಗಾಯಿಸಿ, ಉಳಿದದ್ದನ್ನು ಮಾತ್ರ ಅಲ್ಲಿ ಓದಿ ಪದವಿ ಪಡೆಯುವ ದಾರಿ ಇಲ್ಲಿದೆ. ಇವರು ಸೋಫಿಯಾ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿ ಹತ್ತಾರು ಕೋರ್ಸ್ ಮುಗಿಸಿರುತ್ತಾರೆ, ಕ್ಲೆಪ್ ಎಂಬ, ಕಾಲೇಜು ಕ್ರೆಡಿಟ್ ತರುವ ನಾಲ್ಕಾರು ಪರೀಕ್ಷೆಗಳನ್ನು ಪಾಸು ಮಾಡಿರುತ್ತಾರೆ. ಆಮೇಲೆ ಕಾಲೇಜನ್ನು ಹುಡುಕಿ ಅರ್ಜಿ ಹಾಕಿದಾಗ, ಗಳಿಸಿದ ಕ್ರೆಡಿಟ್‌ಗಳಲ್ಲಿ ಬಹುಪಾಲು ಐಚ್ಛಿಕ ವಿಷಯಗಳ ಖಾನೆಗೆ ಬಿದ್ದು, ಪದವಿಗೆ ಬೇಕಾದ ಮುಖ್ಯ ವಿಷಯಗಳು ಹಾಗೆಯೇ ಉಳಿದುಬಿಡುತ್ತವೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರೆ ಅಳತೆ ಕೂಡಿಬರುವುದು ಹೇಗೆ? ಈ ದಾರಿಯಲ್ಲಿ ಸೋಲುವವರು ಪರೀಕ್ಷೆಯಲ್ಲಿ ಸೋಲುವುದು ಕಡಿಮೆ, ಹಂತಗಳ ಅನುಕ್ರಮ ತಪ್ಪಿ ಸೋಲುವುದೇ ಹೆಚ್ಚು. ಆದ್ದರಿಂದ ಕೆಳಗಿನ ಹಂತಗಳನ್ನು ಹೇಳಿದ ಅನುಕ್ರಮದಲ್ಲಿಯೇ ಪಾಲಿಸಬೇಕು.

ಆರಂಭಿಸುವ ಮುನ್ನ: ಯಾರಿಗೆ ಈ ದಾರಿ ಬೇಡ

ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿರುವವರು ಈ ದಾರಿಯನ್ನು ನೆಚ್ಚಿಕೊಂಡು ತಮ್ಮ ವೀಸಾ ಸ್ಥಿತಿಯನ್ನು ಕಾಪಾಡಿಕೊಳ್ಳಲಾರರು. ಅವರ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಪ್ರತಿ ಅವಧಿಯಲ್ಲಿ ಒಂದೇ ಒಂದು ಆನ್‌ಲೈನ್ ಕೋರ್ಸ್, ಅಂದರೆ 3 ಕ್ರೆಡಿಟ್‌ನಷ್ಟು ಮಾತ್ರ ಸೇರುತ್ತದೆ. ಎಚ್-4 ವೀಸಾದವರಿಗೆ ಈ ಕಟ್ಟಳೆಯಿಲ್ಲ. ಅವರು ಬೇರೆ ವೀಸಾಕ್ಕೆ ಬದಲಾಯಿಸಿಕೊಳ್ಳದೆಯೇ ಪೂರ್ಣಾವಧಿ ಅಥವಾ ಅರೆಕಾಲಿಕವಾಗಿ ಓದಬಹುದು. ಆದರೆ ಓದುವ ಅನುಮತಿ ಬೇರೆ, ದುಡಿಯುವ ಅನುಮತಿ ಬೇರೆ. ಪದವಿ ಬಂದ ಮಾತ್ರಕ್ಕೆ ಕೆಲಸದ ಪರವಾನಗಿ ಬರುವುದಿಲ್ಲ.

ಮುಂದೆ ಹೆಸರಾಂತ ಎಂಬಿಎ ಕಾಲೇಜುಗಳಿಗೆ ಅರ್ಜಿ ಹಾಕುವ ಆಸೆಯಿರುವವರು ಕೂಡ ಒಮ್ಮೆ ಯೋಚಿಸಬೇಕು. ಪರೀಕ್ಷೆಯಿಂದ ಬಂದ ಕ್ರೆಡಿಟ್‌ಗಳಿಗೆ ಸಾಮಾನ್ಯವಾಗಿ ಗ್ರೇಡ್ ಇರುವುದಿಲ್ಲ. ಸಾಮರ್ಥ್ಯ ಆಧಾರಿತ, ಅಂದರೆ ತರಗತಿಯ ಸಮಯದ ಬದಲು ಕಲಿತದ್ದನ್ನು ನೋಡಿ ಪಾಸು ಮಾಡುವ, ಕೆಲವು ಕಾಲೇಜುಗಳಲ್ಲಿ ಎಲ್ಲ ವಿಷಯಗಳೂ ಪಾಸು ಅಥವಾ ಫೇಲು ಎಂಬ ಎರಡೇ ಫಲಿತಾಂಶದಲ್ಲಿ ಮುಗಿಯುತ್ತವೆ. ಜಿಪಿಎಯನ್ನು, ಅಂದರೆ ಗ್ರೇಡ್‌ಗಳ ಸರಾಸರಿಯನ್ನು, ತೂಗಿ ನೋಡುವ ಕಡೆ ಇದು ದುರ್ಬಲವಾಗಿ ಕಾಣುತ್ತದೆ.

ಸಿಪಿಎ, ಅಂದರೆ ಅಮೆರಿಕದ ಪರವಾನಗಿ ಪಡೆದ ಅಕೌಂಟೆಂಟ್, ಆಗಬೇಕೆನ್ನುವವರು ತಮ್ಮ ರಾಜ್ಯದ ಅಕೌಂಟೆನ್ಸಿ ಮಂಡಳಿಯ ನಿಯಮಗಳನ್ನು ಓದದೆ ಒಂದು ಹೆಜ್ಜೆಯನ್ನೂ ಇಡಬಾರದು. ಪರೀಕ್ಷೆಯ ಮೂಲಕ ಗಳಿಸಿದ ಅಕೌಂಟಿಂಗ್ ಕ್ರೆಡಿಟ್‌ಗಳ ವಿಷಯದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಲುವು ಬೇರೆಯಿರುತ್ತದೆ.

ಭಾರತಕ್ಕೆ ಮರಳಿ ಸರಕಾರಿ ಕೆಲಸಕ್ಕೋ ಸ್ನಾತಕೋತ್ತರ ಪ್ರವೇಶಕ್ಕೋ ಈ ಪದವಿಯನ್ನು ತೋರಿಸಬೇಕೆಂದಿದ್ದರೆ, ವಿದೇಶಿ ಪದವಿಗೆ ಸಮಾನತೆಯ ಪ್ರಮಾಣಪತ್ರ ಬೇಕಾಗುತ್ತದೆ. ಆನ್‌ಲೈನಿನಲ್ಲಿ ಓದಿದ ಪದವಿಗೆ ಅದು ಸಿಗುವುದಿಲ್ಲವೆಂದೇ ತಿಳಿದು ನಡೆಯುವುದು ಕ್ಷೇಮ.

ಬೇಕಾಗುವ ಸಾಮಗ್ರಿ

ನಿಮ್ಮ ಪಾಸ್‌ಪೋರ್ಟ್, ಹಳೆಯ ಅಂಕಪಟ್ಟಿಗಳೆಲ್ಲವೂ, ಕ್ಯಾಮೆರಾ ಇರುವ ಒಂದು ಗಣಕಯಂತ್ರ, ಬಾಗಿಲು ಮುಚ್ಚಿಕೊಳ್ಳಬಹುದಾದ ಒಂದು ಕೋಣೆ, ಒಂದು ಸ್ಪ್ರೆಡ್‌ಶೀಟ್, ಮತ್ತು ಈ ಕೆಲಸಕ್ಕೆಂದೇ ಮೀಸಲಾದ ಒಂದು ಇಮೇಲ್ ವಿಳಾಸ ಇದ್ದರೆ ಸಾಕು. ವಿಳಾಸದ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ನಾಲ್ಕು ಸಂಸ್ಥೆಗಳಲ್ಲಿ ನಾಲ್ಕು ವಿಳಾಸ ಕೊಟ್ಟವರು ವರ್ಷದ ಕೊನೆಗೆ ಟ್ರಾನ್ಸ್‌ಕ್ರಿಪ್ಟ್ (ಅಧಿಕೃತ ಅಂಕಪಟ್ಟಿ) ಎಲ್ಲಿದೆಯೆಂದು ಹುಡುಕುತ್ತಾ ವಾರಗಟ್ಟಲೆ ಕಳೆಯುತ್ತಾರೆ.

ಇದಕ್ಕಿಂತಲೂ ಮುಖ್ಯವಾದದ್ದು ಹೆಸರು. ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಪದ್ಧತಿ ಅಮೆರಿಕದ ದಾಖಲೆಗಳ ಜೊತೆ ಹೊಂದಿಕೊಳ್ಳುವುದಿಲ್ಲ. ಅಂಕಪಟ್ಟಿಯಲ್ಲಿ "ಸುಮಾ ಎಚ್.ಎನ್." ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು ಮತ್ತು ತಂದೆಯ ಹೆಸರು ಬಂದಿರುತ್ತವೆ, ಮದುವೆಯ ನಂತರ ಮಾಡಿಸಿದ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಮನೆತನದ ಹೆಸರು ಸೇರಿಕೊಂಡಿರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ನೋಂದಣಿಯ ಹೆಸರು ಗುರುತಿನ ಚೀಟಿಯ ಹೆಸರಿಗೆ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಕಾಲೇಜಿನಲ್ಲಿ ಮೂರು ಹೆಸರಿನ ಟ್ರಾನ್ಸ್‌ಕ್ರಿಪ್ಟ್‌ಗಳು ಒಬ್ಬರದ್ದೇ ಎಂದು ಯಾರೂ ತಾವಾಗಿ ಊಹಿಸುವುದಿಲ್ಲ. ಆದ್ದರಿಂದ ಒಂದೇ ಗುರುತಿನ ಚೀಟಿಯನ್ನು ಆರಿಸಿ, ಅದರಲ್ಲಿ ಇರುವಂತೆಯೇ ಪ್ರತಿ ಸಂಸ್ಥೆಯಲ್ಲೂ ಹೆಸರನ್ನು ದಾಖಲಿಸಿ.

ಹಂತ 1: ಕಾಲೇಜನ್ನೂ ಪದವಿಯನ್ನೂ ಗೊತ್ತುಮಾಡಿಕೊಳ್ಳಿ

ಅಮೆರಿಕದ ಪದವಿ ಸಾಮಾನ್ಯವಾಗಿ 120 ಕ್ರೆಡಿಟ್‌ಗಳದ್ದು; ಒಂದು ಕೋರ್ಸ್ ಬಹುಮಟ್ಟಿಗೆ 3 ಕ್ರೆಡಿಟ್. ಅಂದರೆ ಸುಮಾರು 40 ಕೋರ್ಸ್‌ಗಳು. ಇವುಗಳಲ್ಲಿ ಹೊರಗಿನಿಂದ ಎಷ್ಟನ್ನು ತರಬಹುದು ಎಂಬುದನ್ನು ನಿಮಗೆ ಪದವಿ ಕೊಡುವ ಕಾಲೇಜು ತೀರ್ಮಾನಿಸುತ್ತದೆ. ಕೋರ್ಸ್ ಮಾರುವ ಸಂಸ್ಥೆ ಏನೇ ಹೇಳಿದರೂ ಅದಕ್ಕೆ ಬೆಲೆಯಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕೋರ್ಸ್‌ಗಳ ಜಾಹೀರಾತಿನಲ್ಲಿ ಕಾಣುವ "ಎಸಿಇ" ಎಂದರೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್. ಅದು ಕೋರ್ಸನ್ನು ಪರಿಶೀಲಿಸಿ, ಇಷ್ಟು ಕ್ರೆಡಿಟ್ ಕೊಡಬಹುದೆಂದು ಶಿಫಾರಸು ಮಾಡುತ್ತದೆ, ಅಷ್ಟೇ. ಎನ್‌ಸಿಸಿಆರ್‌ಎಸ್ ಎಂಬ ಇನ್ನೊಂದು ಸಂಸ್ಥೆಯದ್ದೂ ಇದೇ ಕೆಲಸ. ಶಿಫಾರಸನ್ನು ಒಪ್ಪುವುದು ಬಿಡುವುದು ಕಾಲೇಜಿನ ಮರ್ಜಿ. ನಿಮ್ಮ ಮನೆಯ ಹತ್ತಿರದ ಹೆಸರಾಂತ ರಾಜ್ಯ ವಿಶ್ವವಿದ್ಯಾಲಯ ಇದನ್ನು ಒಪ್ಪದೆಯೂ ಇರಬಹುದು.

ಈ ಬಗೆಯ ಕ್ರೆಡಿಟ್‌ಗಳನ್ನು ಧಾರಾಳವಾಗಿ ಒಪ್ಪುವ ಕಾಲೇಜುಗಳೆಂದು ಬಹುಕಾಲದಿಂದ ಹೆಸರಾದವು ಮೂರು: ನ್ಯೂಜೆರ್ಸಿಯ ಥಾಮಸ್ ಎಡಿಸನ್ ಸ್ಟೇಟ್ ಯೂನಿವರ್ಸಿಟಿ, ನ್ಯೂಯಾರ್ಕಿನ ಎಕ್ಸೆಲ್ಸಿಯರ್ ಯೂನಿವರ್ಸಿಟಿ, ಕನೆಕ್ಟಿಕಟ್‌ನ ಚಾರ್ಟರ್ ಓಕ್ ಸ್ಟೇಟ್ ಕಾಲೇಜು. ಈಚಿನ ವರ್ಷಗಳಲ್ಲಿ ಬೇಗ ಮುಗಿಸಬೇಕೆನ್ನುವವರು ಹೆಚ್ಚಾಗಿ ಹೋಗುವುದು ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಗೆ, ಅಂದರೆ ಡಬ್ಲ್ಯುಜಿಯುಗೆ, ಮತ್ತು ಮೇನ್ ರಾಜ್ಯದ ಪ್ರೆಸ್ಕ್ ಐಲ್‌ನಲ್ಲಿರುವ ಯೂನಿವರ್ಸಿಟಿ ಆಫ್ ಮೇನ್‌ನ 'ಯುವರ್‌ಪೇಸ್' ಕಾರ್ಯಕ್ರಮಕ್ಕೆ. ಈ ಎರಡರಲ್ಲೂ ಶುಲ್ಕ ಕೋರ್ಸಿಗೆ ಇಷ್ಟೆಂದಿಲ್ಲ, ಅವಧಿಗೆ ಇಷ್ಟೆಂದಿದೆ. ಡಬ್ಲ್ಯುಜಿಯುನಲ್ಲಿ ಒಂದು ಅವಧಿ 6 ತಿಂಗಳು, ಶುಲ್ಕ ಸುಮಾರು 4,000 ಡಾಲರ್. ಯುವರ್‌ಪೇಸ್‌ನಲ್ಲಿ ಒಂದು ಅವಧಿ 8 ವಾರ, ಶುಲ್ಕ ಅದರ ಅರ್ಧದ ಆಸುಪಾಸು. ಆ ಅವಧಿಯೊಳಗೆ ಎಷ್ಟು ಕೋರ್ಸ್ ಮುಗಿಸಿದರೂ ಶುಲ್ಕ ಅಷ್ಟೇ. ಅಗ್ಗ ಮತ್ತು ವೇಗ ಎರಡೂ ಒಟ್ಟಿಗೆ ಸಾಧ್ಯವಾಗುವುದು ಇದರಿಂದಲೇ.

ಪ್ರತಿ ಕಾಲೇಜಿಗೂ ಐದು ಪ್ರಶ್ನೆಗಳನ್ನು ಕೇಳಿ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಹೊರಗಿನ ಕ್ರೆಡಿಟ್ ಗರಿಷ್ಠ ಎಷ್ಟು? ನಿಮ್ಮಲ್ಲಿಯೇ ಓದಬೇಕಾದದ್ದು ಕನಿಷ್ಠ ಎಷ್ಟು? ಮೇಲ್ಮಟ್ಟದ, ಅಂದರೆ 300 ಮತ್ತು 400ರ ಸಂಖ್ಯೆಯ ಕೋರ್ಸ್‌ಗಳ ಕ್ರೆಡಿಟ್ ಎಷ್ಟು ಬೇಕು, ಅವುಗಳಲ್ಲಿ ಹೊರಗಿನಿಂದ ಎಷ್ಟನ್ನು ಒಪ್ಪುತ್ತೀರಿ? ಯಾವ ವರ್ಷದ ಕ್ಯಾಟಲಾಗ್ (ಪದವಿಯ ನಿಯಮ ಮತ್ತು ಕೋರ್ಸ್‌ಗಳ ಪಟ್ಟಿ) ನನಗೆ ಅನ್ವಯಿಸುತ್ತದೆ? ಸೇರಿದ ನಂತರವೂ ಹೊರಗಿನ ಕ್ರೆಡಿಟ್ ಸೇರಿಸಬಹುದೇ?

ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಡಬ್ಲ್ಯುಜಿಯು ಪದವಿಯ ಮುಕ್ಕಾಲು ಪಾಲಿನವರೆಗೆ, ಅಂದರೆ ಸುಮಾರು 90 ಕ್ರೆಡಿಟ್‌ವರೆಗೆ, ಹೊರಗಿನದನ್ನು ಒಪ್ಪುತ್ತದೆ. ಆದರೆ ಓದು ಆರಂಭವಾದ ಮೇಲೆ ಆ ಬಾಗಿಲು ಮುಚ್ಚಿತೆಂದೇ ಲೆಕ್ಕ ಹಾಕಬೇಕು. ಉತ್ಸಾಹದಲ್ಲಿ ಮೊದಲೇ ಸೇರಿ, ಸೋಫಿಯಾದಲ್ಲಿ ಒಂದು ವಾರಾಂತ್ಯದಲ್ಲಿ ಮುಗಿಯಬಹುದಾಗಿದ್ದ ಕೋರ್ಸನ್ನು ಮೂರು ವಾರ ಹೆಣಗಾಡಿ ಮುಗಿಸಿದವರು ನನಗೆ ಗೊತ್ತು.

ಮಾನ್ಯತೆಯನ್ನು ಪರೀಕ್ಷಿಸಲು ಕಾಲೇಜಿನ ಸ್ವಂತ ಜಾಲತಾಣವನ್ನು ನಂಬಬೇಡಿ. ಅಮೆರಿಕದ ಶಿಕ್ಷಣ ಇಲಾಖೆ ಮತ್ತು ಮಾನ್ಯತೆ ಕೊಡುವ ಸಂಸ್ಥೆಗಳನ್ನು ಗುರುತಿಸುವ ಸಿಎಚ್‌ಇಎ, ಇವೆರಡರ ದತ್ತಾಂಶ ಪಟ್ಟಿಗಳಲ್ಲಿ ಕಾಲೇಜಿನ ಹೆಸರು ಹುಡುಕಿ. ಬಿಸಿನೆಸ್ ವಿಭಾಗಕ್ಕೆ ಎಎಸಿಎಸ್‌ಬಿ ಅಥವಾ ಎಸಿಬಿಎಸ್‌ಪಿ ಎಂಬ ಪ್ರತ್ಯೇಕ ಮಾನ್ಯತೆ ಇರುವುದು ಒಳ್ಳೆಯದು, ಆದರೆ ಅದು ಸಂಸ್ಥೆಯ ಮೂಲ ಮಾನ್ಯತೆಗೆ ಬದಲಿಯಲ್ಲ.

*ಎಚ್ಚರಿಕೆಯ ಚಿಹ್ನೆಗಳು:* "ಜೀವನಾನುಭವಕ್ಕೆ ಪದವಿ" ಎಂಬ ಘೋಷಣೆ, ಇಡೀ ಪದವಿಗೆ ಒಂದೇ ಮೊತ್ತದ ಬೆಲೆ, ಪರೀಕ್ಷೆಯೂ ಬರಹವೂ ಇಲ್ಲದ ಕೋರ್ಸ್, ಇವತ್ತೇ ಹಣ ಕಟ್ಟಿದರೆ ರಿಯಾಯಿತಿ ಎನ್ನುವ ಕರೆ. ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಹೊರಡಿ.

ಹಂತ 2: ಈಗಾಗಲೇ ಕೈಯಲ್ಲಿರುವುದನ್ನು ಲೆಕ್ಕಕ್ಕೆ ತನ್ನಿ

ಕರ್ನಾಟಕದಲ್ಲಿ ಬಿಕಾಂ, ಬಿಬಿಎಂ ಅಥವಾ ಬಿಎ ಓದಿ ಅರ್ಧಕ್ಕೆ ಬಿಟ್ಟವರು ಹೊಸದಾಗಿ ಒಂದನೆಯ ಕ್ರೆಡಿಟ್‌ನಿಂದ ಆರಂಭಿಸುವುದು ಹಣವನ್ನು ಹೊಳೆಗೆ ಸುರಿದಂತೆ. ಆ ಅಂಕಪಟ್ಟಿಗಳನ್ನು ಡಬ್ಲ್ಯುಇಎಸ್ ಅಥವಾ ಇಸಿಇ ಮುಂತಾದ ಮೌಲ್ಯಮಾಪನ ಸಂಸ್ಥೆಗಳಿಂದ ಅಮೆರಿಕದ ಕ್ರೆಡಿಟ್‌ಗಳಿಗೆ ಪರಿವರ್ತಿಸಿಕೊಳ್ಳಬಹುದು. ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತಾರೆಂದು ಹಂತ 1ರಲ್ಲಿ ಆರಿಸಿದ ಕಾಲೇಜನ್ನೇ ಕೇಳಿ, ಆಮೇಲೆ ಹಣ ಕಟ್ಟಿ.

ವರದಿಯಲ್ಲಿ ಎರಡು ಬಗೆ. ಪದವಿಗೆ ಪದವಿ ಸಮ ಎಂದು ಹೇಳುವ ಅಗ್ಗದ ವರದಿ ಒಂದು. ವಿಷಯವಾರು ಕ್ರೆಡಿಟ್ ಮತ್ತು ಗ್ರೇಡ್ ಬಿಡಿಸಿ ತೋರಿಸುವ ದುಬಾರಿ ವರದಿ ಇನ್ನೊಂದು. ಕಾಲೇಜಿಗೆ ಬೇಕಾಗುವುದು ಎರಡನೆಯದು. ವಲಸೆಯ ಕೆಲಸಕ್ಕೆಂದು ಹಿಂದೆ ಮಾಡಿಸಿದ ಮೊದಲ ಬಗೆಯ ವರದಿಯನ್ನು ಕಳಿಸಿ, ತಿಂಗಳು ಕಾದು, ಮತ್ತೆ ಮೊದಲಿನಿಂದ ಅರ್ಜಿ ಹಾಕುವುದು ಇಲ್ಲಿ ನಡೆಯುವ ಸಾಮಾನ್ಯ ತಪ್ಪು.

ನಿಧಾನವಾಗುವುದು ಅಮೆರಿಕದ ಕಡೆಯಲ್ಲ, ನಮ್ಮ ಕಡೆ. ವಿಶ್ವವಿದ್ಯಾಲಯದ ಕುಲಸಚಿವ (ಮೌಲ್ಯಮಾಪನ) ಕಚೇರಿಯಿಂದ ಅಧಿಕೃತ ಪ್ರತಿ ಹೊರಡಬೇಕು. ಊರಿನಲ್ಲಿ ತಮ್ಮನೋ ಭಾವನೋ ಎರಡು ಮೂರು ಬಾರಿ ಓಡಾಡಬೇಕು. ಈ ಕೆಲಸವನ್ನು ಮೊದಲ ವಾರದಲ್ಲೇ ಶುರುಮಾಡಿ, ಅದು ನಡೆಯುತ್ತಿರುವಾಗ ಹಂತ 3ಕ್ಕೆ ಕೈಹಾಕಿ.

ಮೂರು ವರ್ಷದ ಪದವಿಯನ್ನು ಪೂರ್ತಿ ಮುಗಿಸಿದವರಿಗೆ ಇನ್ನೊಂದು ಮಾತು. ಕೆಲವು ಮೌಲ್ಯಮಾಪನ ಸಂಸ್ಥೆಗಳು ಕೆಲವು ಮೂರು ವರ್ಷದ ಪದವಿಗಳನ್ನು ಅಮೆರಿಕದ ಪೂರ್ಣ ಪದವಿಗೆ ಸಮವೆಂದು ಒಪ್ಪುತ್ತವೆ. ಹಾಗಾದಲ್ಲಿ ಎರಡನೆಯ ಪದವಿಯ ಅಗತ್ಯವೇ ಇರಲಾರದು. ನೇರವಾಗಿ ಸ್ನಾತಕೋತ್ತರಕ್ಕೆ ಹೋಗಬಹುದು. ವರದಿ ಕೈಗೆ ಬರುವ ಮುನ್ನ ಒಂದು ಡಾಲರ್ ಕೂಡ ಕೋರ್ಸಿಗೆ ಹಾಕಬೇಡಿ. ಪಿಯುಸಿಯ ಅಂಕಪಟ್ಟಿಗೆ ಮಾತ್ರ ಕಾಲೇಜು ಕ್ರೆಡಿಟ್ ನಿರೀಕ್ಷಿಸಬೇಡಿ. ಪ್ರವೇಶಕ್ಕೆ ಅದು ಪ್ರೌಢಶಿಕ್ಷಣದ ಪುರಾವೆ.

ಹಂತ 3: ಪದವಿಯ ನಕ್ಷೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆಯಿರಿ

ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಹಂತ ಇದು, ಬಿಟ್ಟರೆ ಅತಿ ಹೆಚ್ಚು ನಷ್ಟವಾಗುವ ಹಂತವೂ ಇದೇ. ಕಾಲೇಜಿನ ಕ್ಯಾಟಲಾಗನ್ನು ತೆರೆದು, ಪದವಿಗೆ ಬೇಕಾದ ಪ್ರತಿ ಕೋರ್ಸನ್ನೂ ಒಂದೊಂದು ಸಾಲಾಗಿ ಇಳಿಸಿ. ಅಂಕಣಗಳು ಆರು: ಕಾಲೇಜಿನ ಕೋರ್ಸಿನ ಹೆಸರು, ಕ್ರೆಡಿಟ್, ಮಟ್ಟ, ಅದನ್ನು ತುಂಬುವ ಹೊರಗಿನ ಮೂಲ, ಕಾಲೇಜಿನ ಲಿಖಿತ ಒಪ್ಪಿಗೆ ಸಿಕ್ಕ ದಿನಾಂಕ, ಈಗಿನ ಸ್ಥಿತಿ.

ಒಂದು ಸಾಲು ಹೀಗಿರುತ್ತದೆ: "ಪ್ರಿನ್ಸಿಪಲ್ಸ್ ಆಫ್ ಮಾರ್ಕೆಟಿಂಗ್, 3, ಕೆಳಮಟ್ಟ, ಕ್ಲೆಪ್, ಅಡ್ವೈಸರ್ ಇಮೇಲ್ ಮಾರ್ಚ್ 4, ಪರೀಕ್ಷೆ ಬಾಕಿ." ಐದನೆಯ ಅಂಕಣ ಖಾಲಿಯಿರುವ ಯಾವ ಸಾಲಿಗೂ ಹಣ ಕಟ್ಟಬಾರದು. ಫೋನಿನಲ್ಲಿ "ಆಗಬಹುದು" ಎಂದದ್ದು ಒಪ್ಪಿಗೆಯಲ್ಲ. ಫೋನಿನಲ್ಲಿ ಮಾತಾಡಿದ್ದರೆ, ಅದೇ ದಿನ ಮಾತಿನ ಸಾರವನ್ನು ಇಮೇಲಿನಲ್ಲಿ ಬರೆದು, ಇದು ಸರಿಯೇ ಎಂದು ಕೇಳಿ ಉತ್ತರ ಪಡೆಯಿರಿ. ಡಬ್ಲ್ಯುಜಿಯು ವಿಷಯದಲ್ಲಿ ಈ ಕೆಲಸ ಹಗುರ. ಸೋಫಿಯಾ ಮತ್ತು ಅದರಂಥದ್ದೇ ತಾಣವಾದ ಸ್ಟಡಿ.ಕಾಮ್‌ನ ಯಾವ ಕೋರ್ಸು ಯಾವ ಪದವಿಯ ಯಾವ ವಿಷಯಕ್ಕೆ ಸಲ್ಲುತ್ತದೆಂಬ ಪಟ್ಟಿಗಳನ್ನು ಅದೇ ಪ್ರಕಟಿಸುತ್ತದೆ. ಪಟ್ಟಿಯನ್ನು ಅಂದಿನ ದಿನಾಂಕದೊಂದಿಗೆ ಪಿಡಿಎಫ್ ಮಾಡಿ ಉಳಿಸಿಕೊಳ್ಳಿ, ಏಕೆಂದರೆ ಪಟ್ಟಿ ಬದಲಾಗುತ್ತಿರುತ್ತದೆ.

ನಕ್ಷೆ ಬರೆಯುವಾಗ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಪುನರಾವರ್ತನೆ. ಫೈನಾನ್ಷಿಯಲ್ ಅಕೌಂಟಿಂಗ್ ಎಂಬ ವಿಷಯ ಕ್ಲೆಪ್‌ನಲ್ಲೂ ಇದೆ, ಸೋಫಿಯಾದಲ್ಲೂ ಇದೆ, ನಿಮ್ಮ ಬಿಕಾಂ ಮೊದಲ ವರ್ಷದಲ್ಲೂ ಇರುತ್ತದೆ. ಮೂರನ್ನೂ ಮಾಡಿದರೂ ಸಿಗುವುದು ಒಂದೇ ಬಾರಿ 3 ಕ್ರೆಡಿಟ್. ನಾನೇ ಹೀಗೆ ಮೋಸಹೋದೆ: ಭಾರತದ ಅಂಕಪಟ್ಟಿಯ ವರದಿ ಬರುವ ಮೊದಲೇ ಆತುರಪಟ್ಟು ಎರಡು ಪರೀಕ್ಷೆ ಬರೆದೆ, ಆ ಎರಡೂ ವಿಷಯಗಳು ವರದಿಯಲ್ಲಿ ಮೊದಲೇ ಕುಳಿತಿದ್ದವು.

ಎರಡನೆಯದು ಮಟ್ಟದ ತೊಡಕು. ಕ್ಲೆಪ್ ಮತ್ತು ಸೋಫಿಯಾದಿಂದ ಬರುವುದು ಬಹುತೇಕ ಕೆಳಮಟ್ಟದ ಕ್ರೆಡಿಟ್. ಅವುಗಳಿಂದ ಅರ್ಧದಾರಿ ಸಲೀಸಾಗಿ ಸಾಗುತ್ತದೆ, ಆಮೇಲೆ ಮೇಲ್ಮಟ್ಟದ ಗೋಡೆ ಅಡ್ಡಬರುತ್ತದೆ. ಅದನ್ನು ದಾಟಲು ಕ್ಲೆಪ್‌ನಂಥದ್ದೇ ಪರೀಕ್ಷಾ ಮಾಲೆಯಾದ ಡಿಎಸ್‌ಎಸ್‌ಟಿಯ ಮನಿ ಅಂಡ್ ಬ್ಯಾಂಕಿಂಗ್‌ನಂಥ ಕೆಲವು ಪರೀಕ್ಷೆಗಳು ಮತ್ತು ಸ್ಟಡಿ.ಕಾಮ್‌ನ 300ರ ಸಂಖ್ಯೆಯ ಕೋರ್ಸ್‌ಗಳು ನೆರವಾಗುತ್ತವೆ. ಉಳಿದದ್ದನ್ನು ಕಾಲೇಜಿನಲ್ಲಿಯೇ ಓದಬೇಕು. ಅವಧಿಗೆ ಶುಲ್ಕ ಕಟ್ಟುವ ಕಾಲೇಜು ನಿಮ್ಮದಾಗಿದ್ದರೆ, ಮೇಲ್ಮಟ್ಟದ್ದೆಲ್ಲವನ್ನೂ ಅಲ್ಲಿಗೇ ಬಿಡುವುದು ಜಾಣತನವೆಂಬುದು ನನ್ನ ಅಭಿಪ್ರಾಯ.

ಹಂತ 4: ಪ್ರತಿ ಖಾನೆಗೂ ಮೂಲವನ್ನು ಆರಿಸಿ

ಕ್ಲೆಪ್: ಕಾಲೇಜ್ ಬೋರ್ಡ್ ನಡೆಸುವ ಈ ಪರೀಕ್ಷೆಗಳ ಶುಲ್ಕ 100 ಡಾಲರ್‌ಗಿಂತ ತುಸು ಕಡಿಮೆ; ಪರೀಕ್ಷಾ ಕೇಂದ್ರ ತನ್ನದೊಂದು ಸಣ್ಣ ಶುಲ್ಕವನ್ನು ಬೇರೆ ತೆಗೆದುಕೊಳ್ಳುತ್ತದೆ. ಅಂಕ 20ರಿಂದ 80ರವರೆಗೆ. ಎಸಿಇ ಶಿಫಾರಸಿನಂತೆ 50 ಬಂದರೆ ಸಾಕು, ಆದರೆ ಕೆಲವು ಕಾಲೇಜುಗಳು ಹೆಚ್ಚು ಕೇಳುತ್ತವೆ. ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆಯ ಉಚಿತ ಪಾಠವನ್ನು ಮುಗಿಸಿದರೆ ಪರೀಕ್ಷಾ ಶುಲ್ಕಕ್ಕೆ ವೋಚರ್ ಸಿಗುತ್ತದೆ. ಇಲ್ಲಿಯೂ ಅನುಕ್ರಮವೇ ಮುಖ್ಯ: ವೋಚರ್ ಕೈಗೆ ಬಂದ ಮೇಲೆ ನೋಂದಣಿ. ಮೊದಲೇ ಕಾರ್ಡಿನಿಂದ ಶುಲ್ಕ ಕಟ್ಟಿ, ಆಮೇಲೆ ಮರಳಿ ಕೇಳಿದರೆ ಸಿಗುವುದಿಲ್ಲ.

ಡಿಎಸ್‌ಎಸ್‌ಟಿ: ಶುಲ್ಕ ಕ್ಲೆಪ್‌ನ ಆಸುಪಾಸಿನಲ್ಲೇ ಇರುತ್ತದೆ, ಪಾಸಾಗಲು 400 ಅಂಕ. ಕ್ಲೆಪ್‌ನಲ್ಲಿ ಫೇಲಾದರೆ ಅದೇ ಪರೀಕ್ಷೆಗೆ ಮೂರು ತಿಂಗಳು ಕಾಯಬೇಕು. ಇಲ್ಲಿ 30 ದಿನ ಸಾಕು. ಸಮಯದ ಒತ್ತಡವಿರುವವರು ಇದನ್ನು ಗಮನಿಸಬೇಕು.

ಸೋಫಿಯಾ: ತಿಂಗಳಿಗೆ 99 ಡಾಲರ್. ಒಮ್ಮೆಗೆ ಎರಡು ಕೋರ್ಸ್ ತೆರೆದಿಟ್ಟುಕೊಳ್ಳಬಹುದು. ಒಂದು ಮುಗಿದರೆ ಇನ್ನೊಂದು. ತಿಂಗಳಲ್ಲಿ ಎಷ್ಟು ಮುಗಿಸಿದರೂ ಶುಲ್ಕ ಬದಲಾಗುವುದಿಲ್ಲ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಾದ ಪರೀಕ್ಷೆಗಳಾದ್ದರಿಂದ ಪರೀಕ್ಷಾಭಯ ಇರುವವರಿಗೆ ಇದು ಹೇಳಿ ಮಾಡಿಸಿದ್ದು.

ಸ್ಟಡಿ.ಕಾಮ್ ಇದಕ್ಕಿಂತ ದುಬಾರಿ, ಕೊನೆಯ ಪರೀಕ್ಷೆ ಕ್ಯಾಮೆರಾ ಕಾವಲಿನಲ್ಲಿ ನಡೆಯುತ್ತದೆ. ಸ್ಟ್ರೇಟರ್‌ಲೈನ್‌ನಲ್ಲಿ ತಿಂಗಳ ಸದಸ್ಯತ್ವದ ಮೇಲೆ ಕೋರ್ಸಿಗೆ ಬೇರೆ ಶುಲ್ಕ. ಸೇಲರ್ ಅಕಾಡೆಮಿಯ ಪಾಠಗಳು ಉಚಿತ. ಕಾವಲಿನ ಪರೀಕ್ಷೆಗೆ ಮಾತ್ರ ಕೆಲವೇ ಡಾಲರ್.

ಇವುಗಳ ಶುಲ್ಕಗಳಿಗೆ ಸರಕಾರದ ವಿದ್ಯಾರ್ಥಿ ನೆರವು ಒದಗುವುದಿಲ್ಲ. ಎಚ್-4ರವರಿಗೆ ಆ ನೆರವು ಕಾಲೇಜು ಶುಲ್ಕಕ್ಕೂ ಇಲ್ಲ. ಗ್ರೀನ್ ಕಾರ್ಡ್ ಇರುವವರಿಗೆ ಕಾಲೇಜು ಶುಲ್ಕಕ್ಕೆ ಅರ್ಹತೆಯಿದೆ.

ಹಂತ 5: ಪರೀಕ್ಷೆ ಮತ್ತು ಕೋರ್ಸ್‌ಗಳನ್ನು ಮುಗಿಸಿ

ಸೋಫಿಯಾದಲ್ಲಿ ಹಣ ಉಳಿಯುವುದೂ ಹೋಗುವುದೂ ಕೋರ್ಸ್‌ಗಳನ್ನು ಯಾವ ಅನುಕ್ರಮದಲ್ಲಿ ತೆರೆಯುತ್ತೀರಿ ಎಂಬುದರ ಮೇಲೆ ನಿಂತಿದೆ. ಅಲ್ಲಿ ಕೆಲವು ಕೋರ್ಸ್‌ಗಳಲ್ಲಿ ಬರೀ ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ. ಕೆಲವುಗಳಲ್ಲಿ 'ಟಚ್‌ಸ್ಟೋನ್' ಎಂಬ ಬರಹದ ನಿಯೋಜನೆಗಳಿದ್ದು, ಅವನ್ನು ಮನುಷ್ಯರೇ ಓದಿ ಅಂಕ ಕೊಡುತ್ತಾರೆ. ಇದಕ್ಕೆ ಹಲವು ದಿನ ಹಿಡಿಯುತ್ತದೆ. ಇಂಗ್ಲಿಷ್ ಕಾಂಪೊಸಿಷನ್‌ನಲ್ಲಿ ಇಂಥ ಬರಹಗಳು ಒಂದರ ಹಿಂದೆ ಒಂದು ಬರುವುದರಿಂದ, ಒಂದಕ್ಕೆ ಅಂಕ ಬರುವವರೆಗೆ ಮುಂದಿನದು ನಿಂತಿರುತ್ತದೆ. ಆದ್ದರಿಂದ ತಿಂಗಳ ಮೊದಲ ದಿನವೇ ಬರಹದ ಕೋರ್ಸನ್ನು ಒಂದು ಖಾನೆಯಲ್ಲಿ ತೆರೆಯಿರಿ. ಅದರ ಅಂಕಕ್ಕೆ ಕಾಯುವ ದಿನಗಳಲ್ಲಿ ಇನ್ನೊಂದು ಖಾನೆಯಲ್ಲಿ ಬರಹವಿಲ್ಲದ ಕೋರ್ಸ್‌ಗಳನ್ನು ಒಂದಾದ ಮೇಲೊಂದರಂತೆ ಮುಗಿಸಿ. ಎರಡೂ ಖಾನೆಗಳಲ್ಲಿ ಬರಹದ ಕೋರ್ಸ್‌ಗಳನ್ನೇ ತೆರೆದವರು ಅಂಕಕ್ಕಾಗಿ ಕೈಕಟ್ಟಿ ಕೂರುತ್ತಾರೆ, ತಿಂಗಳು ಮಗುಚುತ್ತದೆ, ಮತ್ತೆ 99 ಡಾಲರ್ ಹೋಗುತ್ತದೆ. ಬೇರೆಯವರ ಬರಹವನ್ನೋ ಯಂತ್ರ ಬರೆದುಕೊಟ್ಟದ್ದನ್ನೋ ಸಲ್ಲಿಸಿದರೆ ಕೋರ್ಸ್ ಮಾತ್ರವಲ್ಲ, ಖಾತೆಯೇ ಹೋಗಬಹುದು.

ಕ್ಲೆಪ್ ಪರೀಕ್ಷೆಗಳಿಗೆ, ಬಿಕಾಂ ಓದಿದ ಕನ್ನಡಿಗರು ಅತಿಯಾದ ಧೈರ್ಯದಿಂದ ಹೋಗಿ ಎಡವುವುದನ್ನು ನೋಡಿದ್ದೇನೆ. ಅಕೌಂಟಿಂಗ್‌ನ ತತ್ವ ಒಂದೇ, ಮಾತು ಬೇರೆ. ನಾವು "ಸಂಡ್ರಿ ಡೆಟರ್ಸ್" ಎಂದು ಕಲಿತದ್ದು ಇಲ್ಲಿ "ಅಕೌಂಟ್ಸ್ ರಿಸೀವಬಲ್", "ಸಂಡ್ರಿ ಕ್ರೆಡಿಟರ್ಸ್" ಎಂದರೆ "ಅಕೌಂಟ್ಸ್ ಪೇಯಬಲ್". ಅಂಗಡಿಯಲ್ಲಿ ಉಳಿದ ಸರಕನ್ನು ನಾವು "ಸ್ಟಾಕ್" ಎನ್ನುತ್ತೇವೆ. ಇಲ್ಲಿ ಸ್ಟಾಕ್ ಎಂದರೆ ಷೇರು, ಸರಕಿಗೆ "ಇನ್ವೆಂಟರಿ". ಈ ಒಂದು ಪದದಿಂದಲೇ ಎರಡು ಮೂರು ಪ್ರಶ್ನೆಗಳು ತಪ್ಪಾಗಬಹುದು. ಭಾರತದ ಲೆಕ್ಕ ಮಾನದಂಡ ಒಪ್ಪದ ಲಿಫೊ (ಕೊನೆಗೆ ಬಂದ ಸರಕು ಮೊದಲು ಮಾರಾಟವಾಯಿತೆಂದು ಲೆಕ್ಕ ಹಾಕುವ) ಪದ್ಧತಿ ಅಮೆರಿಕದಲ್ಲಿ ಚಾಲ್ತಿಯಲ್ಲಿದೆ, ಪರೀಕ್ಷೆಯಲ್ಲೂ ಬರುತ್ತದೆ. ಬಿಸಿನೆಸ್ ಲಾ ಪರೀಕ್ಷೆಗೆ 1872ರ ಭಾರತೀಯ ಕರಾರು ಕಾಯಿದೆಯ ನೆನಪಿನ ಮೇಲೆ ಹೋದರೆ, ಅರ್ಧ ದಾರಿಯಲ್ಲಿ ಅಮೆರಿಕದ ಸಂವಿಧಾನ ಮತ್ತು ಯೂನಿಫಾರ್ಮ್ ಕಮರ್ಷಿಯಲ್ ಕೋಡ್ ಎದುರು ನಿಂತು ಕೈಚೆಲ್ಲಬೇಕಾಗುತ್ತದೆ.

ಪ್ರಿನ್ಸಿಪಲ್ಸ್ ಆಫ್ ಮ್ಯಾನೇಜ್‌ಮೆಂಟ್ ಮತ್ತು ಪ್ರಿನ್ಸಿಪಲ್ಸ್ ಆಫ್ ಮಾರ್ಕೆಟಿಂಗ್‌ನಿಂದ ಆರಂಭಿಸುವುದು ಒಳ್ಳೆಯದು. ಸುಮಾರು 100 ಪ್ರಶ್ನೆಗಳಿಗೆ 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಎರಡು ಅಭ್ಯಾಸ ಪರೀಕ್ಷೆಗಳನ್ನು ಬರೆದು, ಎರಡರಲ್ಲೂ ಬೇಕಾದ್ದಕ್ಕಿಂತ ಸಾಕಷ್ಟು ಮೇಲೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡಿ. ಫೇಲಾದರೆ ಹೋಗುವುದು ಶುಲ್ಕಕ್ಕಿಂತ ಹೆಚ್ಚಾಗಿ ಆ ಮೂರು ತಿಂಗಳು.

ಮನೆಯಿಂದಲೇ ಕಾವಲಿನ ಪರೀಕ್ಷೆ ಬರೆಯುವವರು ಕೋಣೆಯ ವಿಷಯದಲ್ಲಿ ನಿಷ್ಠುರರಾಗಬೇಕು. ನಡುವೆ ಮಗು ಬಾಗಿಲು ತಳ್ಳಿ ಒಳಗೆ ಬಂದರೆ, ಭಾರತದಿಂದ ಬಂದ ಫೋನ್ ಮೇಜಿನ ಮೇಲೆ ಗುಂಯ್‌ಗುಟ್ಟಿದರೆ, ಅಥವಾ ಪ್ರಶ್ನೆಯನ್ನು ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ ನಿಮಗಿದ್ದರೆ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಇಂಥ ಮನೆಗಳಲ್ಲಿ ಪರೀಕ್ಷಾ ಕೇಂದ್ರಕ್ಕೆ ಹೋಗುವುದೇ ಮೇಲು.

ಹಂತ 6: ಟ್ರಾನ್ಸ್‌ಕ್ರಿಪ್ಟ್ ಕಳಿಸಿ, ಸೇರಿದ್ದನ್ನು ಖಚಿತಪಡಿಸಿಕೊಳ್ಳಿ

ಕ್ಲೆಪ್ ಪರೀಕ್ಷೆಗೆ ನೋಂದಾಯಿಸುವಾಗಲೇ ಕಾಲೇಜನ್ನು ಆರಿಸಿದರೆ ಅಂಕ ಉಚಿತವಾಗಿ ಹೋಗುತ್ತದೆ. ಆಮೇಲೆ ಕಳಿಸಲು ಶುಲ್ಕವಿದೆ. ಕಾಲೇಜ್ ಬೋರ್ಡ್ ಅಂಕಗಳನ್ನು 20 ವರ್ಷ ಕಾಪಾಡುವುದರಿಂದ ಹಳೆಯ ಅಂಕವಿದ್ದರೂ ಕೇಳಿ ನೋಡಿ. ಒಂದೇ ಹೆಸರಿನ ಅಥವಾ ಒಂದೇ ವ್ಯವಸ್ಥೆಯ ಹಲವು ಕ್ಯಾಂಪಸ್‌ಗಳಿದ್ದಾಗ ತಪ್ಪು ಕ್ಯಾಂಪಸ್ಸನ್ನು ಒತ್ತುವುದು ಸುಲಭ. ಯೂನಿವರ್ಸಿಟಿ ಆಫ್ ಮೇನ್ ವ್ಯವಸ್ಥೆಯಲ್ಲಂತೂ ಪ್ರೆಸ್ಕ್ ಐಲ್ ಎಂಬ ಪದವನ್ನು ನೋಡಿಯೇ ಒತ್ತಬೇಕು.

"ಕಳಿಸಲಾಗಿದೆ" ಎಂಬ ಇಮೇಲ್ ಬಂದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನ ಪೋರ್ಟಲಿನಲ್ಲಿ ಟ್ರಾನ್ಸ್‌ಕ್ರಿಪ್ಟ್ ತಲುಪಿರಬೇಕು, ಅದರ ಮೌಲ್ಯಮಾಪನ ಮುಗಿದಿರಬೇಕು, ಮತ್ತು ಕ್ರೆಡಿಟ್ ನಿಮ್ಮ ಸ್ಪ್ರೆಡ್‌ಶೀಟಿನಲ್ಲಿ ಬರೆದ ಖಾನೆಯಲ್ಲೇ ಕುಳಿತಿರಬೇಕು. ಬೇರೆ ಖಾನೆಯಲ್ಲಿದ್ದರೆ, ಐದನೆಯ ಅಂಕಣದ ಇಮೇಲನ್ನು ಲಗತ್ತಿಸಿ ಮರುಪರಿಶೀಲನೆ ಕೇಳಿ. ಲಿಖಿತ ಒಪ್ಪಿಗೆಯಿದ್ದವರ ಖಾನೆ ಬಹಳ ಸಲ ಸರಿಹೋಗುತ್ತದೆ. ಇಲ್ಲದವರ ವಾದಕ್ಕೆ ಬುಡವಿರುವುದಿಲ್ಲ.

ಹಂತ 7: ಈಗ ಸೇರಿ, ಉಳಿದದ್ದನ್ನು ಮುಗಿಸಿ

ಹೊರಗಿನ ಕ್ರೆಡಿಟ್‌ಗಳೆಲ್ಲ ಖಾನೆ ಸೇರಿದ ಮೇಲೆ, ಮನೆಯ ವರ್ಷದ ಲಯವನ್ನು ನೋಡಿ ಆರಂಭದ ತಿಂಗಳನ್ನು ಆರಿಸಿ. ಅವಧಿಯ ಶುಲ್ಕ ಕಟ್ಟಿದ ನಂತರ ಆರು ವಾರ ಊರಿಗೆ ಹೋಗಿಬರುವುದು, ಅಥವಾ ಅತ್ತೆ ಮಾವಂದಿರು ಬಂದಿಳಿಯುವ ವಾರದಲ್ಲೇ ಓದು ಶುರುವಾಗುವುದು, ಇವೆರಡೂ ಒಂದು ಅವಧಿಯ ಹಣವನ್ನು ನುಂಗುತ್ತವೆ.

ಡಬ್ಲ್ಯುಜಿಯುನಲ್ಲಿ ಕೋರ್ಸ್‌ಗಳು ಎರಡು ಬಗೆಯ ಮೌಲ್ಯಮಾಪನದಿಂದ ಮುಗಿಯುತ್ತವೆ: ಕಾವಲಿನ ಪರೀಕ್ಷೆ ಒಂದು, ಬರೆದು ಸಲ್ಲಿಸುವ ಕೆಲಸ ಇನ್ನೊಂದು. ಪರೀಕ್ಷೆಯ ಕೋರ್ಸಿಗೆ ಪೂರ್ವ ಮೌಲ್ಯಮಾಪನವನ್ನು ಮೊದಲ ದಿನವೇ ಬರೆದು, ಎಲ್ಲಿ ಸೋತಿರೋ ಅಷ್ಟನ್ನೇ ಓದಿ. ಬರಹದ ಕೋರ್ಸಿಗೆ ಅಂಕದ ಮಾನದಂಡ ಪಟ್ಟಿಯನ್ನು ಮುಂದಿಟ್ಟುಕೊಂಡು, ಅದರ ಒಂದೊಂದು ಸಾಲಿಗೂ ಒಂದೊಂದು ಉಪಶೀರ್ಷಿಕೆ ಕೊಟ್ಟು ಬರೆಯಿರಿ. ಸುಂದರವಾದ ಪ್ರಬಂಧ ಅಲ್ಲಿ ಬೇಕಿಲ್ಲ. ಪಟ್ಟಿಯಲ್ಲಿ ಕೇಳಿದ್ದು ಕಣ್ಣಿಗೆ ಬೀಳಬೇಕು. ಒಂದು ಸಾಲಿಗೆ ಉತ್ತರ ತಪ್ಪಿದರೂ ಇಡೀ ಕೆಲಸ ತಿದ್ದುಪಡಿಗೆ ವಾಪಸು ಬರುತ್ತದೆ. ಅವಧಿಯ ಆರಂಭದಲ್ಲಿ ಕೆಲವೇ ಕೋರ್ಸ್‌ಗಳನ್ನು ಕೊಟ್ಟಿರುತ್ತಾರೆ. ಅವು ಮುಗಿದಂತೆ ಮೆಂಟರ್ ಮುಂದಿನದನ್ನು ಸೇರಿಸುತ್ತಾರೆ. ಬೇಗ ಮುಗಿಸುವ ಉದ್ದೇಶವನ್ನು ಮೊದಲ ಕರೆಯಲ್ಲಿಯೇ ಮೆಂಟರ್‌ಗೆ ಹೇಳಿ, ಮುಂದಿನ ಕೋರ್ಸಿನ ಕೋರಿಕೆಯನ್ನು ಈಗಿನದು ಮುಗಿಯುವ ದಿನವೇ ಕಳಿಸಿ.

ಖರ್ಚಿನ ಅಂದಾಜು ಹೀಗೆ. ನಾಲ್ಕು ತಿಂಗಳು ಸೋಫಿಯಾಕ್ಕೆ 396 ಡಾಲರ್. ಕ್ಲೆಪ್ ಪರೀಕ್ಷೆಗಳು ವೋಚರಿನಲ್ಲಿ. ಆಮೇಲೆ ಡಬ್ಲ್ಯುಜಿಯುನ ಒಂದು ಅವಧಿಯಾದರೆ ಒಟ್ಟು ನಾಲ್ಕೂವರೆ ಸಾವಿರದ ಹತ್ತಿರ, ಎರಡು ಅವಧಿಯಾದರೆ ಎಂಟೂವರೆ ಸಾವಿರದ ಹತ್ತಿರ. ಭಾರತದ ಅಂಕಪಟ್ಟಿಯ ಮೌಲ್ಯಮಾಪನ ಇದಕ್ಕೆ ಹೊರತು. ಒಂದೇ ಅವಧಿಯಲ್ಲಿ 30 ಕ್ರೆಡಿಟ್ ಮುಗಿಸಿದವರಿದ್ದಾರೆ, ಆದರೆ ಮನೆ, ಮಕ್ಕಳು, ಕೆಲಸ ಎಲ್ಲವೂ ಇರುವವರು ಬಜೆಟ್ಟನ್ನು ಎರಡು ಅವಧಿಗೇ ಹಾಕಿಕೊಳ್ಳಬೇಕು.

ಹಂತ 8: ಪದವಿ ಪ್ರದಾನಕ್ಕೆ ಅರ್ಜಿ

ಕೊನೆಯ ಕೋರ್ಸ್ ಮುಗಿದ ಕೂಡಲೇ ಪದವಿ ತಾನಾಗಿ ಬರುತ್ತದೆಂದು ಸುಮ್ಮನಿರಬೇಡಿ. ಹಲವು ಕಾಲೇಜುಗಳಲ್ಲಿ ಪದವಿ ಪ್ರದಾನಕ್ಕೆ ಪ್ರತ್ಯೇಕ ಅರ್ಜಿ, ಪ್ರತ್ಯೇಕ ಗಡುವು, ಕೆಲವೊಮ್ಮೆ ಪ್ರತ್ಯೇಕ ಶುಲ್ಕ ಇರುತ್ತವೆ. ಗಡುವು ತಪ್ಪಿದರೆ ಮುಂದಿನ ಪ್ರದಾನದ ದಿನಾಂಕದವರೆಗೆ ಕಾಯಬೇಕು, ಅಷ್ಟರವರೆಗೆ ಉದ್ಯೋಗದಾತರ ಪರಿಶೀಲನೆಯಲ್ಲಿ ನೀವು ಪದವೀಧರರಲ್ಲ. ಅಂತಿಮ ಟ್ರಾನ್ಸ್‌ಕ್ರಿಪ್ಟಿನಲ್ಲಿ ಪದವಿಯ ಹೆಸರು ಮತ್ತು ಪ್ರದಾನದ ದಿನಾಂಕ ಅಚ್ಚಾಗಿರುವುದನ್ನು ನೋಡಿದ ಮೇಲೆ ಎರಡು ಪ್ರತಿಗಳನ್ನು ತರಿಸಿ, ಒಂದನ್ನು ತೆರೆಯದೆ ಹಾಗೆಯೇ ಇಡಿ. ಪದವಿ ಪತ್ರದ ಅರ್ಜಿಯಲ್ಲಿ ಹೆಸರನ್ನು ಹೇಗೆ ಅಚ್ಚು ಹಾಕಬೇಕೆಂದು ಕೇಳುತ್ತಾರೆ. ಅಲ್ಲಿ ಇನಿಷಿಯಲ್ ಬೇಡ, ಆರಂಭದಲ್ಲಿ ಆರಿಸಿಕೊಂಡ ಆ ಗುರುತಿನ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ.